ಹತ್ತು ಚೀಟಿ, ಮೂರು ಕಿಟಕಿ

ಅದೃಷ್ಟ ಎಂಬ ಮಾತನ್ನು ಮೊದಲು ಹುಟ್ಟುಹಾಕಿದವರು ಯಾರೋ ಗೊತ್ತಿಲ್ಲ. ಅವರಿಗೆ ಕಿಟಕಿ ಪಕ್ಕದ ಕುರ್ಚಿ ಮೊದಲೇ ಸಿಕ್ಕಿದ್ದಿರಬೇಕು.

ಕಾಜಕ್ಕನಿಗೆ ಸಿಕ್ಕಿರಲಿಲ್ಲ. ಕೋಟು ಹೊಲಿಯುವ ಆ ಕಾರ್ಖಾನೆಯ ಹಜಾರದಲ್ಲಿ ಇದ್ದದ್ದು ಮೂರೇ ಕಿಟಕಿ, ಕೆಲಸಕ್ಕೆ ಕೂರುವವರು ಹತ್ತು ಜನ. ಆಕೆಯ ಮೇಜು ಒಳಗೋಡೆಯ ಬದಿಗೆ, ಮಿಣುಕುವ ಒಂದು ಟ್ಯೂಬ್‌ಲೈಟಿನ ಕೆಳಗೆ. ಆ ದೀಪಕ್ಕೂ ಆಕೆಗೂ ದಿನಾ ಜಗಳ. ದೀಪ ಒಮ್ಮೆ ಮಿಣುಕಿದರೆ ಆಕೆ ಒಮ್ಮೆ ಬಯ್ಯುತ್ತಿದ್ದಳು. ಸಂಜೆಯ ಹೊತ್ತಿಗೆ ಇಬ್ಬರಿಗೂ ಸುಸ್ತು.

ಹೆಸರು ಹಿಡಿದು ಆಕೆಯನ್ನು ಕರೆಯುವವರು ಯಾರೂ ಇರಲಿಲ್ಲ. ಗುಂಡಿ ತೂರುವ ಸೀಳಿಗೆ ಸುತ್ತಲೂ ದಾರದ ಅಂಚು ಕಟ್ಟುವುದೇ ಕಾಜ. ಅದನ್ನು ಕೈಯಲ್ಲೇ ಹೊಲಿಯುವವಳು ಕಾಜಕ್ಕ. ಆ ಕೆಲಸ ಕಲಿಸಿದ್ದು ಸೋದರತ್ತೆ, ಹರಿದ ಗೋಣಿಚೀಲದ ಮೇಲೆ. "ಗೋಣಿಯಲ್ಲಿ ಕಾಜ ನಿಂತ್ರೆ ರೇಷ್ಮೆಯಲ್ಲಿ ಕುಣಿಯುತ್ತೆ ಕಣೇ" ಎನ್ನುತ್ತಿದ್ದಳಂತೆ ಆಕೆ. ಗೋಣಿಯ ನಾರು ಚುಚ್ಚಿ ಹುಡುಗಿಯ ಬೆರಳೆಲ್ಲ ಜರಡಿಯಾಗಿತ್ತು. ಕಣ್ಣೀರು ಬಂದರೆ ಸೋದರತ್ತೆ ಬೆಲ್ಲದ ಚೂರು ಬಾಯಿಗಿಟ್ಟು, "ಅಳು, ಆದ್ರೆ ಹೊಲಿ" ಎನ್ನುತ್ತಿದ್ದಳು. ಮುಂದೆ ಮದುವೆಗೆ ಹುಡುಗ ನೋಡಲು ಬಂದಾಗ ಈಕೆ ಮೊದಲು ನೋಡಿದ್ದು ಅವನ ಮುಖವನ್ನಲ್ಲ, ಅಂಗಿಯ ಕಾಜಗಳನ್ನು. ಯಂತ್ರದ ಹೊಲಿಗೆ, ಒಂದರಲ್ಲಿ ನೂಲು ಬಿಟ್ಟುಕೊಂಡಿತ್ತು. ಪಾಪ, ನೋಡಿಕೊಳ್ಳುವವರು ಯಾರೂ ಇಲ್ಲ ಎಂದುಕೊಂಡು ಒಪ್ಪಿಬಿಟ್ಟಳು. ಬಸ್ಸು ಓಡಿಸುವ ಆ ಗಂಡ ಇವತ್ತಿಗೂ ಹೇಳುತ್ತಾನೆ: "ನನ್ನನ್ನ ಅವಳು ಮದುವೆಯಾಗಿಲ್ಲ ಮಾರಾಯ್ರೆ, ರಿಪೇರಿಗೆ ತಗೊಂಡಿದ್ದಾಳೆ."

ಆಕೆಯ ಕಾಜ ಕಣ್ರೆಪ್ಪೆಯ ಹಾಗೆ ತೆರೆದುಕೊಳ್ಳುತ್ತಿತ್ತು, ಹಾಗೇ ಮುಚ್ಚಿಕೊಳ್ಳುತ್ತಿತ್ತು. ಆದರೆ ಆಕೆಯ ಸ್ವಂತ ಕಣ್ಣುಗಳು ಈಚೆಗೆ ಕೈಕೊಡತೊಡಗಿದ್ದವು. ಬಿಳಿ ಬಟ್ಟೆಯಾದರೆ ತೊಂದರೆಯಿಲ್ಲ. ಕಪ್ಪು ಕೋಟಿಗೆ ಕಪ್ಪು ದಾರದ ಕಾಜ ಹಾಕಬೇಕಾದಾಗ ಮಾತ್ರ ಎಲ್ಲ ಒಂದೇ ಮಸಿ. ಕನ್ನಡಕ ಹಾಕಿದರೆ ಅದೇ ಮಸಿ ಇನ್ನೂ ದಪ್ಪ. ಕಿಟಕಿಯ ಬೆಳಕು ಬಿದ್ದರೆ ಒಂದೊಂದು ಎಳೆಯೂ ಎದ್ದು ನಿಲ್ಲುತ್ತಿತ್ತು. ಆ ವರ್ಷ ಬಂದ ಗುತ್ತಿಗೆಯಲ್ಲಿ ಹೆಚ್ಚಿನದೆಲ್ಲ ಕಪ್ಪು ಕೋಟಿನದೇ. ಎರಡು ಕೋಟುಗಳು ಕಾಜ ಸೊಟ್ಟಗಿದೆಯೆಂದು ವಾಪಸು ಬಂದವು.

ಯಜಮಾನಿ ಕೋಟುಗಳನ್ನು ಮೇಜಿನ ಮೇಲೆ ಹರಡಿ, "ಇನ್ನೊಂದು ಹೀಗೆ ಬಂದ್ರೆ ನೀನು ಕೆಳಗಿನ ಪ್ಯಾಕಿಂಗ್ ರೂಮಿಗೆ ಹೋಗು. ಕೆಲಸ ಕಳಕೊಳ್ಳಲ್ಲ, ಚಿಂತೆ ಬೇಡ" ಎಂದರು. ಬಹಳ ಮೆತ್ತಗೆ ಹೇಳಿದರು. ಮೆತ್ತಗೆ ಹೇಳಿದ್ದೆಲ್ಲ ಒಳ್ಳೆಯ ಮಾತಾಗಿಬಿಡುತ್ತದೆ ಎಂದು ನಂಬುವ ಯಜಮಾನರು ಎಲ್ಲ ಊರಲ್ಲೂ ಇರುತ್ತಾರೆ.

ಪ್ಯಾಕಿಂಗ್ ರೂಮೆಂದರೆ ರಟ್ಟಿನ ಪೆಟ್ಟಿಗೆ ಮಡಿಸುವುದು, ಅಂಟುಪಟ್ಟಿ ಎಳೆಯುವುದು. ಕೈಯಲ್ಲಿ ಸೂಜಿಯಿಲ್ಲದ ಕಾಜಕ್ಕನನ್ನು ಏನೆಂದು ಕರೆಯುತ್ತಾರೆ? ರಟ್ಟಕ್ಕ? ಆ ಯೋಚನೆಗೇ ಆಕೆಗೆ ಊಟ ಸೇರಲಿಲ್ಲ.

ಕಿಟಕಿ ಬೇಕು ಎಂದು ನೇರವಾಗಿ ಕೇಳಿದಳು. "ಎಲ್ಲರಿಗೂ ಬೇಕಲ್ಲಮ್ಮ. ನನಗೆ ಎಲ್ಲರೂ ಸಮಾನ. ಚೀಟಿ ಎತ್ತಿ, ಯಾರ ಅದೃಷ್ಟವೋ ಅವರಿಗೆ" ಎಂದರು ಯಜಮಾನಿ. ಮೂರು ತಿಂಗಳಿಂದ ಅಲ್ಲಿ ನಡೆದು ಬಂದ ಪದ್ಧತಿ ಅದು. ಪ್ರತಿ ತಿಂಗಳ ಮೊದಲ ಬೆಳಗ್ಗೆ ಬಿಸ್ಕತ್ತಿನ ಹಳೇ ಡಬ್ಬಿಯೊಂದರಲ್ಲಿ ಹತ್ತು ಚೀಟಿ ಹಾಕಿ ಮೂರನ್ನು ಎತ್ತುವುದು. ಬಂದ ಮೂವರು ಗಾಲಿಯ ಮೇಜು ತಳ್ಳಿಕೊಂಡು ಆ ತಿಂಗಳು ಕಿಟಕಿಗೆ ಹೋಗುವುದು. ಮುಂದಿನ ತಿಂಗಳು ಮತ್ತೆ ಹತ್ತೂ ಚೀಟಿ ಡಬ್ಬಿಗೆ. ಕಾರ್ಖಾನೆಯಲ್ಲಿ ಕಾಗದಕ್ಕೆ ಬರ, ಬಟ್ಟೆ ಚೂರಿಗೆ ಬರವಿಲ್ಲ. ಆದ್ದರಿಂದ ಚೀಟಿಗಳೂ ಬಟ್ಟೆಯವೇ. ಬಟ್ಟೆ ಕತ್ತರಿಸುವ ನಾಲ್ವರು ತಮ್ಮ ನಾಲ್ಕು ಚೀಟಿ ಮಾಡಿಕೊಂಡಿದ್ದರು. ಸೂಜಿ ಹಿಡಿಯುವ ಆರು ಹೆಂಗಸರದ್ದು ಕಾಜಕ್ಕನೇ ಕತ್ತರಿಸಿ, ಒಬ್ಬೊಬ್ಬರಿಗೆ ಒಂದೊಂದು ಗುರುತು ಹೊಲಿದುಕೊಟ್ಟಿದ್ದಳು. ಆಕೆಯದ್ದಕ್ಕೆ ಒಂದು ಕಾಜ, ಕಾಲರ್ ಹೊಲಿಯುವವಳಿಗೆ ಒಂದು ಪುಟ್ಟ ಕಾಲರ್.

ಎತ್ತುವವನು ಕತ್ತರಿ ಮಾವ. ಬಟ್ಟೆ ಕತ್ತರಿಸುವವರಲ್ಲಿ ಹಿರಿಯ, ಕಾರ್ಖಾನೆಗೇ ದೊಡ್ಡಪ್ಪನಂಥವನು. ಕಣ್ಣುಮುಚ್ಚಿ ಹೆಬ್ಬೆರಳಲ್ಲಿ ಒಮ್ಮೆ ತಿಕ್ಕಿದರೆ ಸಾಕು, ಇದು ಇಂಥ ನೂಲು, ಇಷ್ಟು ಒಗೆತ ತಾಳುತ್ತದೆ ಎಂದು ಹೇಳುತ್ತಿದ್ದ. ಗಿರಾಕಿಗಳು ಅದನ್ನು ನೋಡಲೆಂದೇ ಬರುತ್ತಿದ್ದುದುಂಟು. ಚೀಟಿ ಎತ್ತುವಾಗ ಅವನು ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದ, ಕೈ ಆಡಿಸಿ ಆಡಿಸಿ ಎತ್ತುತ್ತಿದ್ದ. ಸಂಶಯಪಡುವುದಕ್ಕೆ ಎಲ್ಲೂ ಜಾಗವಿರಲಿಲ್ಲ.

ಆದರೂ ಆ ಮೂರು ತಿಂಗಳು ಸತತವಾಗಿ ಬಂದ ಮೂರು ಮೂರು ಚೀಟಿಗಳೂ ಕತ್ತರಿಯವರದ್ದೇ. ನಾಲ್ವರಲ್ಲಿ ಒಂದೊಂದು ಸಲ ಒಬ್ಬೊಬ್ಬ ಹೊರಗುಳಿಯುತ್ತಿದ್ದ, ಅಷ್ಟೇ. ಕಿಟಕಿಯಲ್ಲಿ ಅವರು ಗಾಳಿ ತಿನ್ನುತ್ತ, ಬೀದಿ ನೋಡುತ್ತ, ಕೆಳಗೆ ಬಾಳೆಹಣ್ಣು ಮಾರುವವನ ಜೊತೆ ಚೌಕಾಸಿ ಮಾಡುತ್ತ ಕತ್ತರಿ ಆಡಿಸುತ್ತಿದ್ದರು.

"ನಮ್ಮ ಹಣೆಬರಹ ಬಿಡೇ" ಎಂದಳು ಕಾಲರ್ ಹೊಲಿಯುವವಳು. ಆಕೆಯನ್ನು ಎಲ್ಲರೂ ಕಾಲರಮ್ಮ ಎನ್ನುತ್ತಿದ್ದರು.

"ಹಣೆಬರಹ ಅಲ್ಲ ಇದು, ಕೈಬರಹ" ಎಂದಳು ಕಾಜಕ್ಕ ಹಲ್ಲು ಕಚ್ಚಿ.

ನಾಲ್ಕನೆಯ ತಿಂಗಳ ಚೀಟಿ ಎತ್ತುವ ಹಿಂದಿನ ಸಂಜೆ ಆ ಕೋಪವನ್ನು ಮನೆಗೆ ಹೊತ್ತುಕೊಂಡು ಬಂದಳು. ಮನೆಯಲ್ಲಿ ಆಕೆಯ ಅತ್ತೆ ಮಂಚದ ಮೇಲೆ ರಾಣಿಯ ಹಾಗೆ ಒರಗಿದ್ದರು. ಬಚ್ಚಲಲ್ಲಿ ಜಾರಿ ಬಿದ್ದು ಕಾಲಿಗೆ ಪ್ಲಾಸ್ಟರ್. ಒಂದು ಕಾಲದಲ್ಲಿ ಶಾಲೆಯಲ್ಲಿ ಗಣಿತ ಕಲಿಸಿದವರು. ನಿವೃತ್ತಿಯಾಗಿದ್ದು ಸಂಬಳ ಮಾತ್ರ, ಬಾಯಿ ಆಗಿರಲಿಲ್ಲ.

"ಏನಮ್ಮ, ಪಾತ್ರೆಗಳು ಏನು ತಪ್ಪು ಮಾಡಿದ್ವು? ಇಲ್ಲಿಗೆ ಕೇಳ್ತಿದೆ ಅವುಗಳ ಗೋಳು."

ಕಾಜಕ್ಕ ಎಲ್ಲ ಹೇಳಿದಳು. ಅತ್ತೆಯ ಕಣ್ಣು ಅರಳಿತು. ಕಾಲು ಮುರಿದಾಗಿನಿಂದ ಅವರಿಗೆ ಯಾರೂ ಒಂದು ಒಳ್ಳೆಯ ಲೆಕ್ಕ ತಂದುಕೊಟ್ಟಿರಲಿಲ್ಲ. "ನಿನ್ನ ಗುಂಡಿ ಡಬ್ಬಿ ತಾ. ನಾಲ್ಕು ಕಪ್ಪು, ಆರು ಬಿಳಿ. ಕಪ್ಪು ಕತ್ತರಿ, ಬಿಳಿ ಸೂಜಿ. ನೀನು ಬಿಳಿ, ಖುಷಿಪಡು."

ಹತ್ತು ಗುಂಡಿಗಳು ಸ್ಟೀಲ್ ಲೋಟಕ್ಕೆ ಬಿದ್ದವು. "ಈಗ ಹೇಳು, ಮೂರು ಎತ್ತಿದ್ರೆ ಮೂರೂ ಕಪ್ಪು ಬರೋ ಸಾಧ್ಯತೆ ಎಷ್ಟು?"

"ಹತ್ತರಲ್ಲಿ ನಾಲ್ಕು. ಮತ್ತೆ ಹತ್ತರಲ್ಲಿ ನಾಲ್ಕು. ಮತ್ತೆ..."

"ನಿಲ್ಲು, ನಿಲ್ಲು. ಒಂದು ಕಪ್ಪು ಎತ್ತು. ಎತ್ತಿದೆಯಾ? ಅದು ಎಲ್ಲಿದೆ?"

"ನನ್ನ ಕೈಲಿ."

"ಕೈಲಿರೋದು ಲೋಟದಲ್ಲೂ ಇರುತ್ತಾ? ಏನು, ನಮ್ಮನೆ ಗುಂಡಿ ಮರಿ ಹಾಕುತ್ತಾ?"

ಕಾಜಕ್ಕ ಲೋಟದೊಳಗೆ ಇಣುಕಿದಳು. ಉಳಿದದ್ದು ಒಂಬತ್ತು, ಅದರಲ್ಲಿ ಕಪ್ಪು ಮೂರು. ಇನ್ನೊಂದು ತೆಗೆದರೆ ಉಳಿಯುವುದು ಎಂಟು, ಕಪ್ಪು ಎರಡು. ಪ್ರತಿ ಸಲ ಎತ್ತುವಾಗಲೂ ಲೋಟವೇ ಬೇರೆಯಾಗುತ್ತಿತ್ತು.

"ಹಾಗೆ ಗುಣಿಸಿಕೊಂಡು ಹೋಗಬಹುದು. ಇನ್ನೊಂದು ದಾರಿ ಚೆಂದ ಇದೆ, ನೋಡು. ಹತ್ತು ಜನರಲ್ಲಿ ಮೂವರ ಗುಂಪು ಎಷ್ಟು ಥರ ಮಾಡಬಹುದು? ಮೊದಲನೆಯವರು ಹತ್ತರಲ್ಲಿ ಯಾರಾದ್ರೂ ಆಗಬಹುದು, ಎರಡನೆಯವರು ಒಂಬತ್ತರಲ್ಲಿ, ಮೂರನೆಯವರು ಎಂಟರಲ್ಲಿ. ಗುಣಿಸಿದ್ರೆ ಏಳುನೂರ ಇಪ್ಪತ್ತು. ಆದ್ರೆ ಇಲ್ಲೊಂದು ಮೋಸ ಇದೆ. ಅದೇ ಮೂವರು ಹಿಂದೆಮುಂದೆ ಬಂದ್ರೂ ನಾವು ಬೇರೆ ಬೇರೆ ಅಂತ ಎಣಿಸಿಬಿಟ್ವಿ."

ಕಾಜಕ್ಕ ಮೂರು ಗುಂಡಿ ಸಾಲಾಗಿ ಇಟ್ಟು ನೋಡಿದಳು. "ಕೋಟಿನ ತೋಳಿಗೆ ಮೂರು ಗುಂಡಿ ಹಾಕ್ತೀವಲ್ಲ ಅತ್ತೆ, ಯಾವುದನ್ನ ಮೊದಲು ಹೊಲಿದ್ರೂ ಕೊನೆಗೆ ತೋಳು ಅದೇ ತೋಳು. ಹಾಗಾ?"

"ಹಾಗೇ! ನನ್ನ ಮಗನಿಗೆ ಇದು ಹತ್ತನೇ ಕ್ಲಾಸಲ್ಲೂ ತಲೆಗೆ ಹೋಗಲಿಲ್ಲ. ಮೂರನ್ನ ಆರು ಥರ ಸಾಲಾಗಿ ಇಡಬಹುದು. ಆದ್ದರಿಂದ ಆರರಿಂದ ಭಾಗಿಸು."

"ನೂರ ಇಪ್ಪತ್ತು."

"ಇನ್ನು ಕತ್ತರಿಯವರು ನಾಲ್ವರಲ್ಲಿ ಮೂವರನ್ನ ಆರಿಸೋದು ಎಷ್ಟು ಥರ?"

ಇದಕ್ಕೆ ಗುಣಾಕಾರವೇ ಬೇಕಾಗಲಿಲ್ಲ. ಮೂವರನ್ನು ಆರಿಸುವುದೆಂದರೆ ಒಬ್ಬನನ್ನು ಬಿಡುವುದು. ಬಿಡಲು ಇರುವವರು ನಾಲ್ವರು. "ನಾಲ್ಕು ಥರ. ನೂರ ಇಪ್ಪತ್ತರಲ್ಲಿ ನಾಲ್ಕು... ಮೂವತ್ತರಲ್ಲಿ ಒಂದು!"

"ಮೂವತ್ತರಲ್ಲಿ ಒಂದು ಅಂದ್ರೆ ಆಗಲೇಬಾರದು ಅಂತೇನಿಲ್ಲ. ಒಂದು ಸಲ ಆದ್ರೆ ಆಯ್ತು ಅನ್ನು. ಆದ್ರೆ ಮೂರು ಸಲ ಸಾಲಾಗಿ?" ಪ್ರತಿ ತಿಂಗಳು ಡಬ್ಬಿ ಮತ್ತೆ ತುಂಬುತ್ತದೆ, ಆದ್ದರಿಂದ ಮೂವತ್ತನ್ನು ಮೂರು ಸಲ ಗುಣಿಸಬೇಕು ಎಂದು ವಿವರಿಸಿ ಅತ್ತೆಯೇ ಉತ್ತರ ಹೇಳಿದರು: ಇಪ್ಪತ್ತೇಳು ಸಾವಿರದಲ್ಲಿ ಒಂದು.

ಕಾಜಕ್ಕ ದಡಕ್ಕನೆ ಎದ್ದಳು. ಲೋಟ ಉರುಳಿತು, ಗುಂಡಿಗಳು ಮಂಚದ ಕೆಳಗೆ ಓಡಿದವು. "ಕಳ್ಳ! ಆ ಮಾವ ಅಪ್ಪಟ ಕಳ್ಳ!"

"ಕೂತ್ಕೊ. ಲೆಕ್ಕ ಕಳ್ಳನ ಹೆಸರು ಹೇಳಲ್ಲ. ಹತ್ತು ಚೀಟಿಗೂ ಒಂದೇ ಸಮ ಅವಕಾಶ ಇಲ್ಲ ಅಂತ ಮಾತ್ರ ಹೇಳುತ್ತೆ. ಯಾಕಿಲ್ಲ ಅಂತ ಹುಡುಕೋದು ನಿನ್ನ ಕೆಲಸ. ಮೊದಲು ಹುಡುಕು, ಆಮೇಲೆ ಬಯ್ಯಿ."

ಅತ್ತೆಯ ಮಾತಿನಲ್ಲಿ ಕಾಜಕ್ಕ ಅರ್ಧ ಮಾತ್ರ ಕೇಳಿಸಿಕೊಂಡಳು. ಕೋಪದಲ್ಲಿರುವವರಿಗೆ ತಮಗೆ ಬೇಕಾದ ಅರ್ಧ ಸಾಕು.

ಮರುದಿನ ಬೆಳಗ್ಗೆ ಹತ್ತು ಜನ ಡಬ್ಬಿಯ ಸುತ್ತ ನಿಂತಿದ್ದರು. ಯಜಮಾನಿ ತಮ್ಮ ಕೋಣೆಯ ಬಾಗಿಲಲ್ಲಿ ಟೀ ಹಿಡಿದಿದ್ದರು. ಕತ್ತರಿ ಮಾವ ಕಣ್ಣಿಗೆ ಬಟ್ಟೆ ಕಟ್ಟಿ ಡಬ್ಬಿಗೆ ಕೈ ಹಾಕಿದ್ದನಷ್ಟೇ.

"ಮಾವ, ಕೈ ತೆಗೀರಿ. ಸಾಕು ನಿಮ್ಮ ನಾಟಕ!"

ಕಾಜಕ್ಕ ಮೂವತ್ತರಿಂದ ಶುರುಮಾಡಿ ಇಪ್ಪತ್ತೇಳು ಸಾವಿರದವರೆಗೆ ಒಂದೇ ಉಸಿರಿಗೆ ಹೇಳಿದಳು. ಎಷ್ಟು ಜನಕ್ಕೆ ಅರ್ಥವಾಯಿತೋ, ಇಪ್ಪತ್ತೇಳು ಸಾವಿರ ಎಂಬುದು ದೊಡ್ಡ ಕಳ್ಳತನವೆಂದು ಮಾತ್ರ ಎಲ್ಲರಿಗೂ ಅನ್ನಿಸಿತು. "ಅಷ್ಟೊಂದು ಕದ್ದಿದ್ದಾನಾ?" ಎಂದು ಯಾರೋ ಪಿಸುಗುಟ್ಟಿದರು.

ಮಾವ ನಿಧಾನವಾಗಿ ಕಣ್ಣಿನ ಬಟ್ಟೆ ಬಿಚ್ಚಿದ. ಮುಖ ಸಣ್ಣದಾಗಿತ್ತು. "ನಿನ್ನನ್ನ ಇಷ್ಟುದ್ದ ಇದ್ದಾಗಿಂದ ನೋಡಿದ್ದೀನಿ. ನನ್ನ ಬಾಯಿ ಕೆಟ್ಟದ್ದಿರಬಹುದು, ಕೈ ಕೆಟ್ಟದ್ದಲ್ಲಮ್ಮ. ತಗೋ, ನೀನೇ ಎತ್ತು."

ಡಬ್ಬಿ ಆಕೆಯ ಕೈಗೆ ಬಂತು. ಹಿಂದೆ ಸರಿದರೆ ಮರ್ಯಾದೆ ಹೋಗುತ್ತದೆ. ಕಾಜಕ್ಕ ಸೂರು ನೋಡುತ್ತ ಒಳಗೆ ಕೈ ಹಾಕಿದಳು. ಹಾಕಿದ ಕೈ ಅಲ್ಲೇ ನಿಂತಿತು.

ಬೆರಳಿಗೆ ಎರಡು ಲೋಕ ತಾಕುತ್ತಿದ್ದವು. ಒಂದು ದಪ್ಪ, ಬೆಚ್ಚಗೆ, ಕೈಯನ್ನು ಹಿಡಿದು ನಿಲ್ಲಿಸುವಂಥದ್ದು. ಇನ್ನೊಂದು ತೆಳ್ಳಗೆ, ನೀರಿನ ಹಾಗೆ ಜಾರುವಂಥದ್ದು. ಕತ್ತರಿಯವರು ತಮ್ಮ ಮೇಜಿನ ಮೇಲೆ ಬಿದ್ದಿದ್ದ ಕೋಟಿನ ಬಟ್ಟೆಯಲ್ಲೇ ಚೀಟಿ ಮಾಡಿಕೊಂಡಿದ್ದರು. ಸೂಜಿಯವರದ್ದು ಕೋಟಿನ ಒಳಗೆ ಹಾಕುವ ನುಣುಪಾದ ಅಸ್ತರಿನ ಚೂರು. ಗುರುತು ಹೊಲಿಯಲು ಸುಲಭ, ಸೂಜಿ ಸಲೀಸಾಗಿ ಹೋಗುತ್ತದೆ ಎಂದು ಆ ಬಟ್ಟೆಯನ್ನು ಆರಿಸಿದ್ದು ಯಾರು? ಇವಳೇ. ಆರಕ್ಕೆ ಆರೂ ಕತ್ತರಿಸಿದ್ದು ಯಾರು? ಇವಳೇ.

ಕಾಜಕ್ಕನ ಕಿವಿ ಬಿಸಿಯಾಯಿತು. ಒಂದು ದಪ್ಪ ಚೀಟಿ, ಒಂದು ತೆಳು ಚೀಟಿ ಹೊರತೆಗೆದಳು. "ಮಾವ, ಕಣ್ಣು ಮುಚ್ಚಿ. ಕೈ ಚಾಚಿ. ಇವೆರಡರಲ್ಲಿ ಒಂದು ತಗೊಳ್ಳಿ."

ಮಾವನ ಹೆಬ್ಬೆರಳು ಎರಡನ್ನೂ ಒಮ್ಮೆ ತಿಕ್ಕಿತು. ಅವನು ಕ್ಷಣವೂ ಯೋಚಿಸಲಿಲ್ಲ. "ಇದು. ಒಳ್ಳೇ ಉಣ್ಣೆ, ನೇಯ್ಗೆ ಬಿಗಿಯಾಗಿದೆ. ಅದು ಬರೀ ಅಸ್ತರು, ಅದನ್ನ ಯಾರು..." ಎಂದವನು ಬಾಯಿ ತೆರೆದೇ ನಿಂತ.

ಮೊದಲು ನಕ್ಕವಳು ಕಾಲರಮ್ಮ. ಆಮೇಲೆ ಹಜಾರವೆಲ್ಲ ನಕ್ಕಿತು. ಜನ್ಮವಿಡೀ ಒಳ್ಳೆ ಬಟ್ಟೆಯನ್ನು ಎತ್ತಿ ಕಳಪೆಯನ್ನು ಪಕ್ಕಕ್ಕೆ ತಳ್ಳಿದ ಬೆರಳುಗಳು ಡಬ್ಬಿಯೊಳಗೂ ಅದನ್ನೇ ಮಾಡಿದ್ದವು, ಒಡೆಯನಿಗೆ ಒಂದು ಮಾತು ಹೇಳದೆ.

"ಅಲ್ಲಮ್ಮ, ಕಣ್ಣಿಗೆ ಬಟ್ಟೆ ಕಟ್ಟಿದ್ದು ನಾನು. ಬೆರಳಿಗೆ ಕಟ್ಟಬೇಕಿತ್ತಾ?" ಎಂದು ಮಾವ ತನ್ನ ಕೈಯನ್ನೇ ಬೇರೆಯವರ ಕೈಯ ಹಾಗೆ ನೋಡಿದ.

"ತಪ್ಪಾಯ್ತು ಮಾವ. ಬಯ್ದಿದ್ದು ನಾನು, ಅಸ್ತರು ಹಾಕಿದ್ದೂ ನಾನು."

"ಬಯ್ದಿದ್ದು ಹಾಗಿರಲಿ, ನನ್ನ ಬೆರಳಿಗೆ ಇಷ್ಟು ದೊಡ್ಡ ಸರ್ಟಿಫಿಕೇಟು ಯಾರೂ ಕೊಟ್ಟಿರಲಿಲ್ಲ. ಇಪ್ಪತ್ತೇಳು ಸಾವಿರ ಅಂದೆ ಅಲ್ವಾ? ಮನೆಯಲ್ಲಿ ಹೇಳ್ತೀನಿ."

ಒಂದೇ ಬಟ್ಟೆಯಲ್ಲಿ, ಒಂದೇ ಅಳತೆಗೆ ಹತ್ತು ಹೊಸ ಚೀಟಿ ಕತ್ತರಿಸಿ, ಹಳೆಯ ಗುರುತುಗಳನ್ನೇ ಸೀಮೆಸುಣ್ಣದಲ್ಲಿ ಬರೆದು ಡಬ್ಬಿಗೆ ಹಾಕಿದ್ದಾಯಿತು. ಯಜಮಾನಿ ಸಮಾಧಾನದ ಉಸಿರು ಬಿಟ್ಟು, "ಸರಿ, ಈಗ ನಿಜವಾಗಿ ಎಲ್ಲರೂ ಸಮಾನ. ಎತ್ತಿ" ಎಂದರು.

ಸಮಾನ. ಈ ಮಾತಿನಲ್ಲೇ ಇರುವುದು ಕಿಚ್ಚು ಹಚ್ಚುವ ಸಂಗತಿ. ಬೆಳಕಿಲ್ಲದೆ ಕೆಲಸ ಕೆಡುವವಳಿಗೂ ಗಾಳಿಗೆಂದು ಕಿಟಕಿ ಕೇಳುವವನಿಗೂ ಒಂದೊಂದು ಚೀಟಿ ಕೊಟ್ಟು ಕೈತೊಳೆದುಕೊಳ್ಳುವುದನ್ನು ನ್ಯಾಯ ಎಂದು ಕರೆಯುತ್ತೇವೆ. ಯೋಚಿಸುವ ಕಷ್ಟವನ್ನು ಬಿಸ್ಕತ್ತಿನ ಡಬ್ಬಿಗೆ ವಹಿಸಿಬಿಡುತ್ತೇವೆ. ಅಂದಹಾಗೆ, ಆ ಕಟ್ಟಡದ ಅತಿ ದೊಡ್ಡ ಕಿಟಕಿ ಇದ್ದದ್ದು ಯಜಮಾನಿಯ ಕೋಣೆಯಲ್ಲಿ. ಕಂಪ್ಯೂಟರಿನ ಮೇಲೆ ಬಿಸಿಲು ಬೀಳುತ್ತದೆಂದು ಅದಕ್ಕೆ ಸದಾ ಪರದೆ. ಅದು ಯಾವ ಚೀಟಿಗೂ ಸಿಗುವಂಥದ್ದಲ್ಲ.

ಆಗ ಕತ್ತರಿ ಮಾವ ಡಬ್ಬಿಯಿಂದ ತನ್ನ ಚೀಟಿ ಹುಡುಕಿ ತೆಗೆದು ಜೇಬಿಗೆ ಹಾಕಿಕೊಂಡ. "ನನಗೆ ಕಿಟಕಿ ಯಾಕೆ? ಕತ್ತಲಲ್ಲೂ ನನ್ನ ಬೆರಳಿಗೆ ಬಟ್ಟೆ ಕಾಣುತ್ತೆ ಅಂತ ಈಗ ಊರಿಗೇ ಗೊತ್ತಾಯ್ತು. ಕಣ್ಣು ಬೇಕಾಗಿರೋದು ಸೂಜಿಗೆ. ಏಯ್, ನೀವು ಮೂವರೂ ತೆಗೀರಿ."

"ಗಾಳಿ ಮಾವ?" ಎಂದ ಒಬ್ಬ.

"ಗಾಳಿ ಬೇಕಾದ್ರೆ ಬಾಗಿಲಲ್ಲಿ ನಿಂತ್ಕೊ. ಬಾಳೆಹಣ್ಣಿನವನು ನಿನ್ನ ಮುಖ ನೋಡದೆ ಬದುಕ್ತಾನೆ."

ನಾಲ್ಕೂ ಚೀಟಿಗಳು ಹೊರಬಂದವು. ಡಬ್ಬಿಯಲ್ಲಿ ಉಳಿದದ್ದು ಆರು. ಕಾಜಕ್ಕನಿಗೆ ರಾತ್ರಿಯ ಗುಂಡಿಗಳು ನೆನಪಾದವು: ಕೈಲಿರುವುದು ಲೋಟದಲ್ಲಿರುವುದಿಲ್ಲ. ಆಕೆ ಡಬ್ಬಿಯ ಮೇಲೆ ಕೈಯಿಟ್ಟಳು. "ಇನ್ನೊಂದು ಮಾತು. ಇವತ್ತು ಬಂದ ಮೂರು ಚೀಟಿ ಮುಂದಿನ ತಿಂಗಳು ಡಬ್ಬಿಗೆ ಹೋಗಬಾರದು. ಎಲ್ಲರದ್ದೂ ಒಂದು ಸುತ್ತು ಮುಗಿದ ಮೇಲೇ ಮತ್ತೆ ಹಾಕೋಣ."

"ಹಾಗಾದ್ರೆ ಅದೃಷ್ಟ ಎಲ್ಲಿ ಬಂತು?" ಎಂದರು ಯಜಮಾನಿ.

"ಯಾರು ಮೊದಲು ಅನ್ನೋದಕ್ಕೆ ಅದೃಷ್ಟ ಇರಲಿ ಅಮ್ಮ. ಯಾರಿಗೆ ಅನ್ನೋದಕ್ಕೆ ಬೇಡ."

"ಮತ್ತೆ ಕಪ್ಪು ಕೋಟಿನ ಕೆಲಸ ಕಿಟಕಿಯಲ್ಲಿ ಕೂತವರದ್ದು, ಬಿಳಿ ಉಳಿದವರದ್ದು" ಎಂದು ಕಾಲರಮ್ಮ ಸೇರಿಸಿದಳು. "ನನಗೂ ಕಾಜ ಬರುತ್ತೆ. ಇವಳಷ್ಟು ಚೆಂದ ಅಲ್ಲ, ಆದ್ರೆ ವಾಪಸು ಬರೋ ಹಾಗಿರಲ್ಲ."

ಯಜಮಾನಿ ಟೀ ಮುಗಿಸಿದರು. ಬೇಡ ಎನ್ನಲು ಕಾರಣ ಹುಡುಕಿದರು, ಸಿಗಲಿಲ್ಲ. "ಸರಿ. ಹಾಗಾದ್ರೆ ಪ್ಯಾಕಿಂಗ್ ರೂಮಿನ ಮಾತು ಬಿಟ್ಟೆ" ಎಂದರು, ಈ ಸಲವೂ ಮೆತ್ತಗೆ.

ಎತ್ತುವವನು ಮಾವನೇ ಆಗಬೇಕೆಂದು ಎಲ್ಲರ ಹಟ. ಅವನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡದ್ದಲ್ಲದೆ, ಇಸ್ತ್ರಿ ಮಾಡುವಾಗ ಹಾಕುವ ದಪ್ಪ ಕೈಗವಸನ್ನೂ ತೊಟ್ಟ. ಕರಡಿ ಜೇನಿಗೆ ಕೈ ಹಾಕಿದ ಹಾಗಿತ್ತು. ಕಾಜಕ್ಕ ಮನಸ್ಸಿನಲ್ಲೇ ಗುಂಡಿ ಜೋಡಿಸಿದಳು. ಆರರಲ್ಲಿ ಮೂವರ ಗುಂಪು ಇಪ್ಪತ್ತು ಥರ. ತಾನು ಒಳಗಿದ್ದರೆ ಉಳಿದ ಐವರಲ್ಲಿ ಇಬ್ಬರು ಬೇಕು, ಅದು ಹತ್ತು ಥರ. ಇಪ್ಪತ್ತರಲ್ಲಿ ಹತ್ತು. ಆಗಬಹುದು, ಆಗದೆಯೂ ಇರಬಹುದು.

ಮೊದಲು ಬಂದದ್ದು ಪುಟ್ಟ ಕಾಲರ್. ಆಮೇಲೆ ಒಂದು ತೋಳು. ಗವಸು ಬಹಳ ಹೊತ್ತು ಡಬ್ಬಿಯೊಳಗೆ ತಡಕಾಡಿತು. "ಮಾವ, ಅದು ಸಂಸಾರ ಅಲ್ಲ, ಬೇಗ ಬನ್ನಿ ಹೊರಗೆ" ಎಂದರು ಯಾರೋ. ಮೂರನೆಯದು ಒಂದು ಜೇಬು.

ಅಂದು ಸಂಜೆ ಕಾಜಕ್ಕ ಮನೆಗೆ ಬಂದಾಗ ಪಾತ್ರೆಗಳು ಸದ್ದು ಮಾಡಲಿಲ್ಲ. ಅತ್ತೆ ಮಂಚದಿಂದ ಕೊರಳು ಚಾಚಿದರು.

"ಬಂತಾ ನಿನ್ನ ಚೀಟಿ?"

"ಬರಲಿಲ್ಲ."

"ಮತ್ತೆ ಹಲ್ಲು ಯಾಕೆ ಬಿಡ್ತಿದ್ದೀಯ?"

ಕಾಜಕ್ಕ ಬಗ್ಗಿ, ಮಂಚದ ಕೆಳಗೆ ಉರುಳಿದ್ದ ಗುಂಡಿಗಳಲ್ಲಿ ಮೂರು ಬಿಳಿಯವನ್ನು ಹುಡುಕಿ ತೆಗೆದು ಲೋಟಕ್ಕೆ ಹಾಕಿದಳು. ಟಣ್, ಟಣ್, ಟಣ್.

"ಮುಂದಿನ ತಿಂಗಳು ಡಬ್ಬಿಯಲ್ಲಿ ಇರೋದು ಇಷ್ಟೇ ಅತ್ತೆ. ಎತ್ತೋದು ಮೂರು."

ಅತ್ತೆ ಲೋಟದೊಳಗೆ ನೋಡಿದರು, ಸೊಸೆಯ ಮುಖ ನೋಡಿದರು, ಮತ್ತೆ ಮೇಷ್ಟ್ರ ಗತ್ತು ತಂದುಕೊಂಡರು.

"ಮೂರರಲ್ಲಿ ಮೂರು ಆರಿಸೋದು ಎಷ್ಟು ಥರ?"

"ಒಂದೇ ಥರ" ಎಂದಳು ಕಾಜಕ್ಕ, ಮತ್ತು ಸ್ಟೌ ಹಚ್ಚಲು ಹೋದಳು.